ಒಂದು ದಿನ ನೋಡೋಣ ಅನ್ನಬೇಡ

ಮಗಾ, ಪಂಚಾಯ್ತಿ ಮೆಂಬರ್ ಆಗಿದ್ದೀಯ. ಚರಂಡಿ, ಬೀದಿ ದೀಪ, ಇ-ಸ್ವತ್ತಿನ ವಿಷಯದಲ್ಲಿ ನಿನಗೆ ನಾನು ಬುದ್ಧಿ ಹೇಳಬೇಕಿಲ್ಲ. ಆದರೆ ಯಾವತ್ತೋ ಒಂದು ರಾತ್ರಿ ಒಬ್ಬ ತಾಯಿ ಬಂದು, "ಸಂಜೆಯಿಂದ ಮಗಳು ಕಾಣ್ತಿಲ್ಲ ಕಣಪ್ಪ" ಅಂತ ನಿನ್ನ ಬಾಗಿಲಲ್ಲಿ ನಿಲ್ಲುತ್ತಾಳೆ. ಆಗ ಏನು ಮಾಡಬೇಕು ಅನ್ನುವುದನ್ನು ಈಗಲೇ ಕೇಳಿಟ್ಟುಕೋ.

ನಮ್ಮ ಕಡೆಯ ವಾಡಿಕೆ ನಿನಗೆ ಗೊತ್ತು. ಶ್ರೀರಂಗಪಟ್ಟಣ, ಪಾಂಡವಪುರದ ಊರುಗಳಲ್ಲಿ ಮೊದಲು ನಾಲೆ ಏರಿಯ ಮೇಲೆ ಬ್ಯಾಟರಿ ಹಿಡಿದು ಓಡುತ್ತಾರೆ. ಆಮೇಲೆ ನೆಂಟರ ಮನೆಗಳಿಗೆ ಫೋನು. ಹುಡುಗನಾದರೆ, "ಬೈದಿದ್ದಕ್ಕೆ ಮುನಿಸ್ಕೊಂಡವ್ನೆ, ಹೊಟ್ಟೆ ಹಸಿದ್ರೆ ಬತ್ತಾನೆ" ಅನ್ನುತ್ತಾರೆ. ಹುಡುಗಿಯಾದರೆ, "ಠಾಣೆ ಗೀಣೆ ಬೇಡ, ಮಾನ ಹೋಯ್ತದೆ, ಒಂದಿನ ನೋಡಾನ." ಆ ಒಂದು ದಿನದಲ್ಲಿ ಪಾಂಡವಪುರದಲ್ಲೋ ಕೆ.ಆರ್. ಪೇಟೆಯ ಅಕ್ಕಿಹೆಬ್ಬಾಳಿನಲ್ಲೋ ರೈಲು ಹತ್ತಿದ ಮಗು ಎಲ್ಲಿರುತ್ತದೆ, ಯಾರ ಕೈಯಲ್ಲಿರುತ್ತದೆ?

ಕಾನೂನು ಇಲ್ಲಿ ನಮಗಿಂತ ದೊಡ್ಡ ಮನಸ್ಸಿನದು. 2015ರ ಬಾಲನ್ಯಾಯ ಕಾಯ್ದೆಗೆ 2016ರಲ್ಲಿ ಬಂದ ಮಾದರಿ ನಿಯಮಗಳ 92ನೇ ನಿಯಮ ಓದು. 18 ತುಂಬದ ಮಗು ಎಲ್ಲಿದೆ ಎಂದು ಹೆತ್ತವರಿಗಾಗಲಿ, ಪೋಷಕರಿಗಾಗಲಿ, ಕಾನೂನಿನ ಪ್ರಕಾರ ಆ ಮಗುವಿನ ಹೊಣೆ ಹೊತ್ತವರಿಗಾಗಲಿ, ಸಂಸ್ಥೆಗಾಗಲಿ ಗೊತ್ತಿಲ್ಲದಿದ್ದರೆ ಅದು ಕಾಣೆಯಾದ ಮಗು. ಕಾರಣ ಏನೇ ಇರಲಿ. ಓಡಿಹೋಯಿತೋ, ಯಾರಾದರೂ ಕರೆದೊಯ್ದರೋ, ಪ್ರೀತಿಯೋ, ಪರೀಕ್ಷೆಯ ಭಯವೋ, ಯಾವುದನ್ನೂ ಅದು ಕೇಳುವುದಿಲ್ಲ. ಇಷ್ಟು ಗಂಟೆ ಕಾಯಿರಿ ಎಂದೂ ಹೇಳುವುದಿಲ್ಲ. ಮಗು ಸಿಗುವವರೆಗೆ, ಇಲ್ಲವೇ ಕ್ಷೇಮವಾಗಿದೆ ಎಂದು ಖಚಿತವಾಗುವವರೆಗೆ, ಅದು ಆರೈಕೆ ಮತ್ತು ರಕ್ಷಣೆ ಬೇಕಾದ ಮಗು. ಹದಿನೇಳರ ಹುಡುಗಿ ಫೋನಿನಲ್ಲಿ "ನಾನು ಚೆನ್ನಾಗಿದ್ದೀನಿ" ಅಂದಳು ಎಂದು ಸುಮ್ಮನಾಗಬೇಡ. ಪಕ್ಕದಲ್ಲಿ ನಿಂತು ಆ ಮಾತು ಹೇಳಿಸುತ್ತಿರುವವರು ಯಾರೋ!

ಸಂಸ್ಥೆ ಎಂಬ ಮಾತನ್ನು ಮರೆಯಬೇಡ. ನಮ್ಮ ಎಷ್ಟೋ ಮಕ್ಕಳು ಹಾಸ್ಟೆಲ್‌ನಲ್ಲಿದ್ದು ಓದುತ್ತಾರೆ. ಊರಿಗೆ ಹೋಗಿದ್ದಾನೆ ಎಂದು ವಾರ್ಡನ್, ಹಾಸ್ಟೆಲ್‌ನಲ್ಲಿದ್ದಾನೆ ಎಂದು ಮನೆಯವರು ಅಂದುಕೊಂಡರೆ ಹುಡುಕುವವರೇ ಇರುವುದಿಲ್ಲ.

ದೂರು ಕೊಟ್ಟ ಕೂಡಲೇ ಎಫ್‌ಐಆರ್ ಆಗಬೇಕು. ಇದು ಸುಮ್ಮನೆ ಬಂದದ್ದಲ್ಲ. ನೋಯ್ಡಾದ ನಿಠಾರಿಯ ಬಡವರು ಮಕ್ಕಳು ಕಾಣುತ್ತಿಲ್ಲವೆಂದು ಠಾಣೆಗೆ ಅಲೆದರೂ ಕೇಳುವವರಿರಲಿಲ್ಲ. 2006ರ ಡಿಸೆಂಬರಿನಲ್ಲಿ ಅಲ್ಲಿನ ಚರಂಡಿಯಲ್ಲಿ ಮಕ್ಕಳ ಮೂಳೆಗಳು ಸಿಕ್ಕವು. ಮುಂದೆ ಬಚ್ಪನ್ ಬಚಾವೋ ಆಂದೋಲನ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಮೇ 10ರಂದು ಕೋರ್ಟು, ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು, ಬೇರೆಯದು ಸಾಬೀತಾಗುವವರೆಗೆ ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಬೇಕು ಎಂದಿತು. ನಾಲ್ಕು ತಿಂಗಳಲ್ಲಿ ಸಿಗದಿದ್ದರೆ ತನಿಖೆ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು.

ಠಾಣೆಯವರು "ನಮ್ಮ ಸರಹದ್ದಲ್ಲ" ಎಂದರೆ ಒಪ್ಪಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲೂ ದೂರು ತೆಗೆದುಕೊಳ್ಳಬೇಕು, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಆಗದಿದ್ದರೆ ಮಂಡ್ಯದ ಎಸ್‌ಪಿಗೆ ಬರೆದು ಕಳಿಸು. ಕಬ್ಬು ಕಡಿಯಲು, ಆಲೆಮನೆ ಕೆಲಸಕ್ಕೆ ದೂರದಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ, ಭಾಷೆಯೂ ಬಾರದು. ಅವರ ಜೊತೆ ನೀನೇ ಹೋಗು.

ಹೊರಡುವ ಮುಂಚೆ ತುರ್ತು ಸಂಖ್ಯೆ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿಸು. ಇತ್ತೀಚಿನ ಫೋಟೊ, ತೊಟ್ಟ ಬಟ್ಟೆ, ಮಗುವಿನ ಫೋನ್ ನಂಬರ್ ಕೈಯಲ್ಲಿರಲಿ. ನಾಲೆಯ ಬದಿ ಹುಡುಕುವವರು ಹುಡುಕುತ್ತಿರಲಿ, ನೀನು ಆ ತಾಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಠಾಣೆಗೆ ಹೊರಡು. ಮಗು ಸಿಕ್ಕಮೇಲೆ ವಾಟ್ಸಾಪಿನಲ್ಲಿ ಹಾಕಿದ ಫೋಟೊವನ್ನು ಅವತ್ತೇ ಎಲ್ಲರಿಂದಲೂ ಅಳಿಸಿಸು. ಎಲ್ಲಿಗೆ ಹೋಗಿದ್ದೆ, ಯಾಕೆ ಹೋದೆ ಎಂದು ಊರ ಮುಂದೆ ನಿಲ್ಲಿಸಿ ಕೇಳಲು ಯಾರನ್ನೂ ಬಿಡಬೇಡ. ಅದನ್ನು ಕೇಳಲು ಮಕ್ಕಳ ಕಲ್ಯಾಣ ಸಮಿತಿ ಇದೆ.