ಹಳೆಯ ಡಿಟೆಕ್ಟರ್ ಕೊಳ್ಳುವ ಮುನ್ನ

ಆಸ್ಟ್ರೇಲಿಯದ ಬಲ್ಲಾರಟ್, ಬೆಂಡಿಗೊ ಸುತ್ತಿನ ಚಿನ್ನದ ನೆಲದಲ್ಲಿ ಹುಡುಕಾಟಕ್ಕೆ ಇಳಿಯಬೇಕೆಂದಿರುವ ಮೆಲ್ಬರ್ನ್ ಕನ್ನಡಿಗರೇ, ಹೊಸ ಮೆಟಲ್ ಡಿಟೆಕ್ಟರ್‌ಗೇ ದುಡ್ಡು ಸುರಿಯಬೇಕಿಲ್ಲ. ಅಲ್ಲಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಹಾಗಾಗಿ ನಾಣ್ಯ ಹುಡುಕುವ ಅಗ್ಗದ ಡಿಟೆಕ್ಟರ್ ಸುಮ್ಮಸುಮ್ಮನೆ ಕೂಗುತ್ತದೆ. ಮೈನ್‌ಲ್ಯಾಬ್ ಕಂಪನಿಯ ಜಿಪಿಎಕ್ಸ್ 4500ರಂಥ ಹಳೆಯ ಪಲ್ಸ್ ಇಂಡಕ್ಷನ್ ಯಂತ್ರ ಇಂಥ ಮಣ್ಣಿನಲ್ಲಿ ಈಗಲೂ ಚೆನ್ನಾಗಿ ದುಡಿಯುತ್ತದೆ.

ಆದರೆ ಕೈಯಲ್ಲಿ ಹಿಡಿದು ನೋಡದೆ ಹಣ ಕೊಡಬೇಡಿ. ಆನ್ ಮಾಡಿ, ನೆಲದ ಮೇಲೆ ಆಡಿಸುವ ತಟ್ಟೆಯನ್ನು, ಅಂದರೆ ಕಾಯಿಲನ್ನು, ಮೆಲ್ಲಗೆ ತಟ್ಟಿ, ಕೇಬಲ್ ಅಲುಗಾಡಿಸಿ. ಆಗ ಅರಚಿದರೆ ಒಳಗೆಲ್ಲೋ ತಂತಿ ಸಡಿಲವಾಗಿದೆ ಎಂದೇ ತಿಳಿಯಿರಿ. ಚಿನ್ನದ ಬದಲಿಗೆ ಸಣ್ಣ ಸೀಸದ ಚೂರೊಂದನ್ನು ಒಯ್ದು, ಮಣ್ಣಲ್ಲಿ ಹೂತು ಪರೀಕ್ಷಿಸಿ. ಬ್ಯಾಟರಿ ಸೊರಗಿದ್ದರೆ ಅದರ ಬೆಲೆಯನ್ನು ಚೌಕಾಸಿಯಲ್ಲೇ ಕಳೆಯಿರಿ. ಉಳಿದ ಹಣವನ್ನು ಒಳ್ಳೆಯ ಕಾಯಿಲ್‌ಗೆ ಹಾಕಿ. ಸಣ್ಣ ಚೂರುಗಳಿಗೆ ಚಿಕ್ಕ ಕಾಯಿಲೇ ಲೇಸು. ಹೊರಡುವ ಮುಂಚೆ ವಿಕ್ಟೋರಿಯ ಸರ್ಕಾರದ ‘ಮೈನರ್ಸ್ ರೈಟ್’ ಪರವಾನಗಿ ಮಾಡಿಸಿಕೊಳ್ಳಿ, 10 ವರ್ಷ ನಡೆಯುತ್ತದೆ. ತೋಡಿದ ಗುಂಡಿಯನ್ನು ಮಾತ್ರ ಮರೆಯದೆ ಮುಚ್ಚಿ.