ಹಂದಿ ದಾರಿ: ಹುಲಿ ಇದ್ದಾಗ ಒಂದು, ಹೊಳೆ ಬಂದಾಗ ಇನ್ನೊಂದು

ಹೋದ ಮಳೆಗಾಲದಲ್ಲಿ ನಾವು ನಾಲ್ಕು ಜನ ಸೇರಿ ಮಾಡಿದ ಪ್ರಾಜೆಕ್ಟ್‌ಗೆ ಮಾರ್ಕ್ಸ್ ಚೆನ್ನಾಗೇ ಬಂತು. ಆದ್ರೆ ಹೊಲದಲ್ಲಿ ಅದು ಫೇಲ್ ಆಯ್ತು. ಯಾಕೆ ಫೇಲ್ ಆಯ್ತು ಅಂತ ಹುಡುಕ್ತಾ ಹೋದಾಗ ಕಲಿತದ್ದನ್ನ ಇಲ್ಲಿ ಬರೀತಿದ್ದೀವಿ.

ಎಚ್.ಡಿ. ಕೋಟೆ ಕಡೆ, ನಾಗರಹೊಳೆ ಕಾಡಿನ ಅಂಚಿಗೆ, ನಮ್ಮ ಟೀಮ್‌ನ ಗೆಳೆಯನ ತಾತನ ಹೊಲ ಇದೆ. ಬೆಳೆ ಮುಸುಕಿನ ಜೋಳ. ಬಿತ್ತಿದ ಬೀಜ ಕೆದಕಿ ತಿನ್ನೋದ್ರಿಂದ ಹಿಡಿದು ತೆನೆ ಹಾಲುಗಟ್ಟೋವರೆಗೂ ಕಾಡುಹಂದಿ ಕಾಟ. ಕೆಲವರು ಬೇಲಿಗೆ ನೇರವಾಗಿ ಮನೆ ಕರೆಂಟ್ ಕೊಡ್ತಾರೆ, ಅದರಿಂದ ಆನೆಗಳೂ ಸಾಯ್ತವೆ, ಮನುಷ್ಯರೂ ಸಾಯ್ತಾರೆ. ಅದು ಬೇಡ ಅಂತ ನಾವು ಹಂದಿ ಬರೋ ಜಾಡಲ್ಲಿ ಪಿಐಆರ್ ಸೆನ್ಸರ್, ಬಜರ್, ಒಂದು ಫ್ಲ್ಯಾಶ್ ಲೈಟ್ ಕಟ್ಟಿದ್ವಿ. ಜೂನ್‌ನಲ್ಲಿ ಚೆನ್ನಾಗಿ ಕೆಲಸ ಮಾಡ್ತು. ಜುಲೈ ಕೊನೆಗೆ ಹಳ್ಳ ತುಂಬಿ ಹರೀತು. ಒಂದು ರಾತ್ರಿ ಹಂದಿಗಳು ಹಿಂದಿನ ಬದುವಿನಿಂದ ಬಂದು ಅರ್ಧ ಹೊಲ ಮಲಗಿಸಿ ಹೋದ್ವು. ನಮ್ಮ ಸೆನ್ಸರ್ ಲಾಗ್‌ನಲ್ಲಿ ಮಾತ್ರ ಸೊನ್ನೆ.

ತಾತ ಬೈಯಲಿಲ್ಲ. "ಹಳ್ಳ ತುಂಬಿದ್ ಮೇಲೆ ಹಂದಿ ಆ ಕಡಿಂದ ಯಾಕ್ರಪ್ಪ ಬತ್ತದೆ? ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?" ಅಂದ್ರು ಅಷ್ಟೆ. ಬೈದಿದ್ರೇ ಚೆನ್ನಾಗಿರ್ತಿತ್ತು.

ಹಂದಿಯ ಓಡಾಟ ಅರ್ಥ ಆಗ್ಬೇಕಾದ್ರೆ ಮೊದಲು ಅದರ ಮೈ ಅರ್ಥ ಆಗ್ಬೇಕು. ಹಂದಿಗೆ ಬೆವರಿ ಮೈ ತಂಪು ಮಾಡ್ಕೊಳ್ಳೋಕೆ ಆಗಲ್ಲ, ಅದಕ್ಕೇ ಕೆಸರು ಬೇಕು. ಹಾಗಾಗಿ ಅದರ ಬದುಕು ಹಳ್ಳ, ಕೆರೆ ಅಂಚು, ಜೌಗು ನೆಲದ ಸುತ್ತಲೇ ಇರುತ್ತೆ. ಮೂಗಿನಿಂದ ನೆಲ ಉತ್ತು ಗೆಡ್ಡೆ, ಬೇರು, ಹುಳ ತಿನ್ನುತ್ತೆ, ನೆಲ ಮೆತ್ತಗಿದ್ದಷ್ಟೂ ಸುಲಭ. ಹೆಣ್ಣು ಹಂದಿಗಳು ಮರಿಗಳ ಜೊತೆ ಗುಂಪಲ್ಲಿ ಓಡಾಡ್ತವೆ, ಬಲಿತ ಗಂಡು ಹೆಚ್ಚಾಗಿ ಒಂಟಿ. ಅಂದ್ರೆ ನೀರಿನ ಹತ್ತಿರ ಇರಲೇಬೇಕಾದ ಪ್ರಾಣಿ ಇದು, ನೀರು ಏರಿದರೆ ಮೊದಲು ಜಾಗ ಬಿಡಬೇಕಾದದ್ದೂ ಇದೇ.

ಇನ್ನು ಬೇಟೆ ಪ್ರಾಣಿಗಳ ವಿಷಯ. ನಾಗರಹೊಳೆಯಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಇವೆ. ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ಹುಲಿ ಕೊಲ್ಲೋ ಮುಖ್ಯ ಬೇಟೆಯ ಸರಾಸರಿ ತೂಕ 91.5 ಕೆಜಿ, ಚಿರತೆಯದ್ದು 37.6, ಸೀಳುನಾಯಿಯದ್ದು 43.4. ಈ ಮೂರು ನಂಬರ್ ನೋಡಿದ್ರೆ ಒಂದು ವಿಷಯ ಹೊಳೆಯುತ್ತೆ. ಕೋರೆ ಬೆಳೆದ ದೊಡ್ಡ ಗಂಡು ಹಂದಿ ಮುಖ್ಯವಾಗಿ ಹೆದರಬೇಕಾದದ್ದು ಹುಲಿಗೆ. ಮರಿ ಹಂದಿ ಮೂರಕ್ಕೂ ಹೆದರಬೇಕು. ಒಂದೇ ಕಾಡು, ಆದರೆ ತಾಯಿ ಹಂದಿಯ ಮ್ಯಾಪ್ ಬೇರೆ, ಒಂಟಿ ಗಂಡಿನ ಮ್ಯಾಪ್ ಬೇರೆ.

ಹುಲಿ ಹೊಂಚು ಹಾಕಿ ಹಿಡಿಯುತ್ತೆ, ಸೀಳುನಾಯಿ ಗುಂಪಾಗಿ ಅಟ್ಟಿಸಿಕೊಂಡು ಹೋಗುತ್ತೆ. ಹೊಂಚಿಗೆ ಪೊದೆ ಅಪಾಯ, ಓಟಕ್ಕೆ ಬಯಲು ಅಪಾಯ. ಹಂದಿ ಈ ಎರಡರ ನಡುವೆ ದಾರಿ ಮಾಡ್ಕೋಬೇಕು. ಹೊಲದ ಹತ್ತಿರ ಪಟಾಕಿ ಹೊಡೆಯೋ, ನಾಯಿ ಛೂ ಬಿಡೋ ಮನುಷ್ಯನೇ ಅದಕ್ಕೆ ಇನ್ನೊಂದು ಬೇಟೆ ಪ್ರಾಣಿ, ಅದಕ್ಕೇ ಅಲ್ಲಿ ರಾತ್ರಿ ಬರುತ್ತೆ. ಇಷ್ಟೆಲ್ಲ ಭಯ ಇದ್ರೂ ಅದು ಊಟ ಬಿಡಲ್ಲ. ಟೈಮ್ ಬದಲಿಸುತ್ತೆ, ಸ್ವಲ್ಪ ಸುತ್ತಿ ಬರುತ್ತೆ.

ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಹೀಗೆ ಹೇಳಬಹುದು. ಕಾಡನ್ನ ಒಂದು ಗ್ರಾಫ್ ಅಂದ್ಕೊಳ್ಳಿ. ಹುಲಿ ಬಂದ್ರೆ ಆ ದಾರಿಯ ವೆಯ್ಟ್ ಜಾಸ್ತಿ ಆಗುತ್ತೆ. ನೀರು ಬಂದ್ರೆ ಎಡ್ಜೇ ಡಿಲೀಟ್ ಆಗುತ್ತೆ. ನಾವು ನಮ್ಮ ಸೆನ್ಸರ್ ಕಟ್ಟಿದ್ದು ಡಿಲೀಟ್ ಆದ ಎಡ್ಜ್ ಮೇಲೆ!

ನೀರು ಇದನ್ನ ಎಷ್ಟು ದೊಡ್ಡದಾಗಿ ಮಾಡಬಹುದು ಅಂತ ನೋಡೋಕೆ ನಮ್ಮ ಹಳ್ಳ ಸಾಲದು, ಅಸ್ಸಾಮಿನ ಕಾಜಿರಂಗಕ್ಕೆ ಹೋಗಬೇಕು. ಉತ್ತರಕ್ಕೆ ಬ್ರಹ್ಮಪುತ್ರ, ದಕ್ಷಿಣಕ್ಕೆ ಕಾರ್ಬಿ ಆಂಗ್ಲಾಂಗ್ ಬೆಟ್ಟಗಳು, ನಡುವೆ ಹುಲ್ಲುಗಾವಲು. ಬೆಟ್ಟಕ್ಕೂ ಹುಲ್ಲುಗಾವಲಿಗೂ ಮಧ್ಯೆ ರಾಷ್ಟ್ರೀಯ ಹೆದ್ದಾರಿ 715, ಹಳೇ ನಂಬರ್ 37. ಮಳೆಗಾಲದಲ್ಲಿ ನದಿ ಉಕ್ಕಿ ಕಾಡಿನೊಳಗೆ ಬರುತ್ತೆ. ಇದು ಬರೀ ಅನಾಹುತ ಅಲ್ಲ, ಆ ಹುಲ್ಲು, ಆ ಕೆರೆಗಳು ಹಾಗೇ ಉಳಿದಿರೋದು ಈ ಪ್ರವಾಹದಿಂದಲೇ. ಹಂದಿ ಚೆನ್ನಾಗಿ ಈಜುತ್ತೆ, ಮರಿಗಳಿಗೆ ಮಾತ್ರ ಕಷ್ಟ. ನೀರು ಇಳಿದ ಮೇಲೆ ಮೆತ್ತಗಿನ ಮಣ್ಣು ಅದಕ್ಕೆ ಹಬ್ಬದೂಟ.

ಆದ್ರೆ ನೀರು ಜಾಸ್ತಿ ಏರಿದಾಗ ಉಳಿಯೋ ದಾರಿಗಳು ಎರಡೇ. ಒಂದು, ಕಾಡಿನೊಳಗೆ ಮಣ್ಣು ಪೇರಿಸಿ ಕಟ್ಟಿರೋ ಎತ್ತರದ ದಿಬ್ಬಗಳು. ಇನ್ನೊಂದು, ಹೆದ್ದಾರಿ ದಾಟಿ ಬೆಟ್ಟ. ಹಂದಿ, ಜಿಂಕೆ, ಖಡ್ಗಮೃಗ ಎಲ್ಲವೂ ಅಲ್ಲಿಗೇ. ಹುಲಿಯೂ ಅಲ್ಲಿಗೇ! 2019ರ ಜುಲೈನಲ್ಲಿ ಪ್ರವಾಹದಿಂದ ಬಂದ ಹುಲಿಯೊಂದು ಹೆದ್ದಾರಿ ಪಕ್ಕದ ಮನೆಗೆ ನುಗ್ಗಿ ಹಾಸಿಗೆ ಮೇಲೆ ಮಲಗಿತ್ತು, ಆ ಫೋಟೋ ನೀವೂ ನೋಡಿರ್ತೀರಿ. ವೆಯ್ಟ್ ಎಷ್ಟೇ ಇದ್ರೂ ಬೇರೆ ಎಡ್ಜ್ ಇಲ್ಲದಾಗ ಹಂದಿ ಅದರಲ್ಲೇ ಹೋಗಬೇಕು. ಮಾಮೂಲಿ ದಿನದಲ್ಲಿ ಹುಲಿ ವಾಸನೆಗೇ ತಿರುಗಿ ಹೋಗೋ ಹಂದಿ ಅವತ್ತು ಹೋಗಲ್ಲ.

ಆ ದಾರಿಯಲ್ಲಿ ಹುಲಿಗಿಂತ ಲಾರಿ ಭಯಂಕರ. ಹುಲಿಯ ವಾಸನೆ ಹಂದಿಗೆ ಗೊತ್ತು, 80ರ ಸ್ಪೀಡಲ್ಲಿ ಬರೋ ಹೆಡ್‌ಲೈಟ್ ಅದಕ್ಕೆ ಏನೂ ಹೇಳಲ್ಲ. ಅದಕ್ಕೇ ಪ್ರವಾಹದ ದಿನಗಳಲ್ಲಿ ಅಲ್ಲಿ ಗಂಟೆಗೆ 40 ಕಿ.ಮೀ. ಮಿತಿ ಹಾಕ್ತಾರೆ, ಗಾಡಿಗಳಿಗೆ ಟೈಮ್ ಕಾರ್ಡ್ ಕೊಡ್ತಾರೆ. ಕಾಡಿನ ಭಾಗ ಬೇಗ ದಾಟಿ ಬಂದ್ರೆ ಸ್ಪೀಡಾಗಿ ಬಂದ ಅಂತ ಗೊತ್ತಾಗಿ ದಂಡ. ಸೆನ್ಸರ್ ಇಲ್ಲದ ಈ ಸರಳ ಉಪಾಯ ನಮಗೆ ತುಂಬ ಇಷ್ಟ ಆಯ್ತು. ಅಲ್ಲಿ ಹೆದ್ದಾರಿಯನ್ನ ಕಂಬಗಳ ಮೇಲೆ ಎತ್ತರಿಸಿ, ಪ್ರಾಣಿಗಳಿಗೆ ಕೆಳಗೆ ಜಾಗ ಬಿಡೋ ಯೋಜನೆಯೂ ಇದೆ. ಸಿವಿಲ್ ಗೆಳೆಯರೇ, ಇದು ನಿಮ್ಮ ಕೆಲಸ.

ಈ ಸಲ ನಾವು ಹಳ್ಳದ ಮೋರಿಗೆ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದ್ದೀವಿ, ನೀರಿನ ಮಟ್ಟ ಅಳೆಯೋಕೆ. ಮಟ್ಟ ಮೇಲೆ ಬಂದ ಕೂಡಲೇ ಹಿಂದಿನ ಬದುವಿನ ಅಲಾರಂ ಆನ್ ಆಗುತ್ತೆ. ಎಷ್ಟು ಮಟ್ಟಕ್ಕೆ ಆನ್ ಆಗಬೇಕು ಅನ್ನೋದಕ್ಕೆ ನಮ್ಮ ಹತ್ರ ಡೇಟಾ ಇರಲಿಲ್ಲ. ತಾತ ಹಳ್ಳಕ್ಕೆ ಇಳಿದು ಒಂದು ಕಲ್ಲು ತೋರಿಸಿದ್ರು, "ಇದು ಮುಳುಗ್ತು ಅಂದ್ರೆ ಆ ಕಡಿಂದ ಬರಲ್ಲ" ಅಂತ. ಟೇಪ್ ಹಿಡಿದು ಅಳೆದ್ವಿ. ಕೋಡ್‌ನಲ್ಲಿ ಆ ವೇರಿಯಬಲ್ ಹೆಸರು 'ತಾತನ ಕಲ್ಲು'.