ಹಲ್ಲಿಗೆ ಕ್ಯಾಪ್ ಹಾಕಿಸಲು ತಡವೇಕೆ?

ರೂಟ್ ಕೆನಾಲ್ ಮಾಡಿಸಿದ ಮೇಲೆ ಹಲ್ಲುನೋವು ನಿಲ್ಲುತ್ತದೆ. "ನೋವೇ ಇಲ್ಲ, ಇನ್ನು ಕ್ಯಾಪ್ ಏಕೆ?" ಎಂದು ಹಲವರು ಸುಮ್ಮನಾಗುತ್ತಾರೆ. ಆದರೆ ಹುಳುಕು ತಿಂದು, ಒಳಗಿನಿಂದ ಕೊರೆಸಿಕೊಂಡ ದವಡೆ ಹಲ್ಲಿನಲ್ಲಿ ಗಟ್ಟಿ ಭಾಗ ಸ್ವಲ್ಪವೇ ಉಳಿದಿರುತ್ತದೆ. ಒಂದು ದಿನ ಮೂಳೆಯನ್ನೋ ಅಡಿಕೆಯನ್ನೋ ಕಡಿಯುವಾಗ ಅದು ಬೇರಿನವರೆಗೆ ಸೀಳಿದರೆ ಸಾಮಾನ್ಯವಾಗಿ ಕೀಳಿಸದೆ ದಾರಿಯಿಲ್ಲ.

ಕ್ಯಾಪ್ ಎಂದರೆ ಹಲ್ಲಿಗೆ ತೊಡಿಸುವ ಗಟ್ಟಿ ಕವಚ. ವೈದ್ಯರು ಹಲ್ಲನ್ನು ಸುತ್ತಲೂ ಸವೆಸಿ, ಅಚ್ಚು ತೆಗೆದು, ಲೋಹ, ಸೆರಾಮಿಕ್ ಅಥವಾ ಜಿರ್ಕೋನಿಯಾದಲ್ಲಿ ಮಾಡಿಸಿದ ಕ್ಯಾಪನ್ನು ಅಂಟಿಸುತ್ತಾರೆ.

ಹಲ್ಲು ಕಿತ್ತ ಜಾಗವನ್ನು ಖಾಲಿ ಬಿಟ್ಟರೆ ಪಕ್ಕದ ಹಲ್ಲುಗಳು ಅತ್ತ ವಾಲಬಹುದು. ಬ್ರಿಜ್‌ನಲ್ಲಿ ಎರಡೂ ಪಕ್ಕದ ಹಲ್ಲುಗಳಿಗೆ ಕ್ಯಾಪ್ ಹಾಕಿ, ನಡುವೆ ಕೃತಕ ಹಲ್ಲನ್ನು ಜೋಡಿಸುತ್ತಾರೆ. ಇದಕ್ಕಾಗಿ ಪಕ್ಕದ ಹಲ್ಲುಗಳನ್ನು ಸವೆಸಬೇಕಾಗುತ್ತದೆ. ಸವೆಸಿದ್ದು ಮತ್ತೆ ಬೆಳೆಯದು. ಅವು ಆರೋಗ್ಯವಾಗಿದ್ದರೆ ಇಂಪ್ಲಾಂಟ್ ಸಾಧ್ಯವೇ ಎಂದು ಮೊದಲೇ ವೈದ್ಯರಲ್ಲಿ ಕೇಳಿ.

ಕ್ಯಾಪ್ ಹುಳುಕಾಗದು, ಅದರ ಅಂಚಿನಲ್ಲಿರುವ ಸ್ವಂತ ಹಲ್ಲು ಹುಳುಕಾಗಬಹುದು. ವುಝೂ ವೇಳೆ ಬಾಯಿ ಮುಕ್ಕಳಿಸುವುದು ಒಳ್ಳೆಯದೇ, ಆದರೆ ಬ್ರಿಜ್‌ನ ಅಡಿ ಸಿಕ್ಕಿಕೊಂಡ ಆಹಾರಕ್ಕೆ ಅಷ್ಟು ಸಾಲದು. ದಿನಕ್ಕೆರಡು ಬಾರಿ ಬ್ರಷ್ ಮಾಡಿ, ಹಲ್ಲುಸಂದಿಗೆಂದೇ ಸಿಗುವ ಸಣ್ಣ ಬ್ರಷ್‌ನಿಂದ ಬ್ರಿಜ್‌ನ ಕೆಳಭಾಗವನ್ನೂ ಶುಚಿಗೊಳಿಸಿ. ಕ್ಯಾಪ್ ಕಳಚಿದರೆ ಮನೆಯಲ್ಲಿರುವ ಅಂಟು ಹಚ್ಚಬೇಡಿ. ಅದನ್ನು ಜೋಪಾನವಾಗಿಟ್ಟುಕೊಂಡು ಬೇಗನೆ ದಂತವೈದ್ಯರ ಬಳಿ ಹೋಗಿ.

ಮನೆಯ ಹಿರಿಯರು ಒಂದೇ ಬದಿಯಲ್ಲಿ ಅಗಿಯುತ್ತಿದ್ದಾರೆಯೇ? ಇಂದೇ ವಿಚಾರಿಸಿ.